ಓಟಕ್ಕೊಂದು ಜೋಗುಳ

“ಇನ್ನೊಂದು ಸಲ ಬಿಡಪ್ಪ,” ಎಂದಳು ಮೇಟ್ರನಮ್ಮ.

“ಇನ್ನೂನಾ? ಈ ಪರದೆ ಸವೆದು ತೂತು ಬೀಳೋವರೆಗೂ ಎದ್ದೇಳಲ್ಲ ಅಂತ ಹಟ ತೊಟ್ಟಿದ್ದೀರಾ?”

ಬಾಯಲ್ಲಿ ಹಾಗೆಂದರೂ ಕ್ಯಾಮೆರಾದವನ ಕೈ ಸುಮ್ಮನಿರಲಿಲ್ಲ. ಸುರುಳಿಯನ್ನು ಹಿಂದಕ್ಕೆ ಸುತ್ತಿ, ಯಂತ್ರದ ಹಲ್ಲುಗಳಿಗೆ ಸಿಕ್ಕಿಸಿ, ದೀಪ ಹೊತ್ತಿಸಿದ. ಹಿಡಿ ತಿರುಗಿತು. ಟಕಟಕ ಸದ್ದಿನ ಜೊತೆಗೇ ಪರದೆಯ ಮೇಲೆ ಬೆಳಕು ನಡುಗಿತು.

ಸ್ಟುಡಿಯೋದ ಆ ಪುಟ್ಟ ಕೋಣೆಗೆ ಕಿಟಕಿಗಳೇನೋ ಇದ್ದವು. ಬೆಳಕು ನುಸುಳಬಾರದೆಂದು ಅವಕ್ಕೆ ಕಂಬಳಿ ಬಡಿದಿದ್ದರು. ಬೆಳಕಿನ ಜೊತೆ ಗಾಳಿಯೂ ಹೊರಗೇ ನಿಂತುಬಿಟ್ಟಿತ್ತು. ಮಟಮಟ ಮಧ್ಯಾಹ್ನ; ಮೇಟ್ರನಮ್ಮನ ರವಿಕೆ ಬೆನ್ನಿಗಂಟಿತ್ತು, ಹೊಸ ಚಪ್ಪಲಿ ಹಿಮ್ಮಡಿ ಕಚ್ಚಿತ್ತು, ಬೆಳಗಿನಿಂದ ಹೊಟ್ಟೆಗೆ ನೀರು ಬಿಟ್ಟು ಬೇರೇನೂ ಬಿದ್ದಿರಲಿಲ್ಲ. ಅದೆಲ್ಲ ಸಹಿಸಬಹುದು. ಇಷ್ಟು ಹೊತ್ತು ಕಣ್ಣು ಕೀಲಿಸಿ ಕೂತರೂ ಹಿಡಿಯಷ್ಟು ಉಪಯೋಗವಾಗಲಿಲ್ಲವಲ್ಲ, ಅದು ಸಹಿಸಲಾಗುತ್ತಿರಲಿಲ್ಲ.

‘ಕಡಿವಾಣ ಕಿತ್ತವಳು’ ಚಿತ್ರದ ಚಿತ್ರೀಕರಣ ಮುಗಿಯುವ ದಿನ ನಾಯಕಿ ಕಾರಿನ ಸಮೇತ ಕಲ್ಲುಗಣಿಯ ಹೊಂಡಕ್ಕೆ ಬಿದ್ದು ಸತ್ತಿದ್ದಳು; ಬ್ರೇಕಿನ ತಿರುಪು ಸಡಿಲಿಸಿ ಕೊಂದನೆಂದು ಸ್ಟುಡಿಯೋದ ಮೆಕ್ಯಾನಿಕ್ ಜೈಲಿನಲ್ಲಿದ್ದ; ಸೋಮವಾರ ತೀರ್ಪು. ಇಂದು ಶನಿವಾರ.

ಪರದೆಯ ಮೇಲೆ ಅವಳು ಬಂದಳು. ಪತ್ರಿಕೆಯವರು ಬಿರುಗಾಳಿ ಎಂದು ಕರೆಯುತ್ತಿದ್ದವಳು. ಮುಚ್ಚಿಗೆಯಿಲ್ಲದ ಕಾರು, ಗಾಳಿಗೆ ಹಾರುವ ಕತ್ತರಿಸಿದ ಕೂದಲು, ತುಟಿಯಂಚಿನಲ್ಲಿ ಲೋಕವನ್ನೇ ಅಣಕಿಸುವ ನಗೆ. ಕಾರು ಬಲಗಡೆಯಿಂದ ಬಾಣದಂತೆ ನುಗ್ಗಿತು. ಬಿಳಿ ಬಳಿದ ಕಲ್ಲಿನ ಹತ್ತಿರ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ದೂಳೆದ್ದಿತು. ದೂಳು ಇಳಿದಾಗ ದಾರಿಯ ಮೇಲೆ ಯಾರೂ ಇರಲಿಲ್ಲ.

ಪಕ್ಕದ ಬೆಂಚಿನಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಬಾಯಿಗೊತ್ತಿಕೊಂಡಳು. ಅವಳು ಮೆಕ್ಯಾನಿಕ್ಕನ ಅತ್ತಿಗೆ. ಸ್ಟುಡಿಯೋದ ಹೊಲಿಗೆ ಕೋಣೆಯಲ್ಲಿ ನಟನಟಿಯರ ಉಡುಪು ಹೊಲಿಯುವವಳು. ತಾಯಿಯಿಲ್ಲದ ಮೈದುನನನ್ನು ಮೂಗು ಸೋರುವ ವಯಸ್ಸಿನಿಂದ ಎತ್ತಿ ಆಡಿಸಿ ಬೆಳೆಸಿದವಳು. ಮೇಟ್ರನಮ್ಮನ ಬಾಗಿಲು ತಟ್ಟಿ, “ನನ್ನ ಹುಡುಗನ್ನ ಉಳಿಸಿಕೊಡಿ ಅಕ್ಕ” ಎಂದು ಕಾಲು ಹಿಡಿದವಳೂ ಅವಳೇ.

“ನನ್ನ ಕೈಲಾಗಲ್ಲ ಅಕ್ಕ. ಹೊಲಿಗೆ ಬಾಕಿ ಇದೆ, ಹೋಗ್ತೀನಿ,” ಎಂದು ಎದ್ದಳು.

“ಹೋಗಮ್ಮ. ಇಲ್ಲಿ ಕೂತು ನೀನಾದರೂ ಏನು ಕಿಸೀತೀಯ, ನಾನೇ ಕಿಸೀಲಿಲ್ಲ,” ಎಂದಳು ಮೇಟ್ರನಮ್ಮ. ಸಿಡುಕು ಯಾರ ಮೇಲೋ, ಮಾತು ತಾಕಿದ್ದು ಅವಳಿಗೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಅತ್ತಿಗೆ ಬಾಗಿಲು ದಾಟಿಯಾಗಿತ್ತು.

ಪೊಲೀಸು ಠಾಣೆಯ ಹೆಂಗಸರ ಲಾಕಪ್ಪಿನಲ್ಲಿ ಮೇಟ್ರನ್ ಆಗಿ ಆಯುಷ್ಯದ ಅರ್ಧ ಕಳೆದವಳು ಮೇಟ್ರನಮ್ಮ. ಕೆಲಸ ಬಿಟ್ಟ ಮೇಲೆ ಪತ್ತೇದಾರಿಕೆ. ಓಡಿಹೋದ ಸೊಸೆಯರನ್ನು ಹುಡುಕಿದ್ದಳು, ಕಳೆದುಹೋದ ಓಲೆಗಳನ್ನು ಹುಡುಕಿದ್ದಳು, ಸತ್ತನೆಂದು ಸುದ್ದಿ ಹಬ್ಬಿಸಿ ಇನ್ನೊಂದು ಸಂಸಾರ ಹೂಡಿದ್ದ ಗಂಡನೊಬ್ಬನನ್ನು ಕಿವಿ ಹಿಡಿದು ಎಳೆತಂದಿದ್ದಳು. ಆದರೆ ಈ ಸಿನಿಮಾದವರಂಥ ಜನರನ್ನು ಕಂಡಿರಲಿಲ್ಲ. ಯಾರನ್ನು ಕೇಳಿದರೂ ಉತ್ತರ ತಯಾರು. ಎಲ್ಲರದೂ ಒಂದೇ ಉತ್ತರ.

“ಆ ಹುಡುಗಿ ಹಾಗೇನೇ ಮೇಟ್ರನಮ್ಮ, ಯಾರ ಮಾತೂ ಕೇಳ್ತಿರಲಿಲ್ಲ.”

ಹಾಗೇನೇ ಇದ್ದವಳು ಕಥೆಯ ಹುಡುಗಿ. ನ್ಯಾಯಾಧೀಶನ ಒಬ್ಬಳೇ ಮಗಳು, ಪಂದ್ಯ ಕಟ್ಟಿ ಮಹಡಿಯ ಕೈಪಿಡಿಗೋಡೆಯ ಮೇಲೆ ಕುಣಿದವಳು, ಪೊಲೀಸನನ್ನು ಅಟ್ಟಿಸಿಕೊಂಡು ಕಾರೋಡಿಸಿದವಳು. ಆ ಪಾತ್ರ ಮಾಡಿದವಳೋ, ಹೊಲಿಗೆ ಕೋಣೆಯಲ್ಲಿ ಇಲಿ ಕಂಡರೆ ಮೇಜು ಹತ್ತುತ್ತಿದ್ದಳಂತೆ. ಕಾರಿನ ಹತ್ತಿರ ಹೋಗಲೂ ಅಂಜಿ, ಕಲಿಸಲು ಬಂದ ಮೆಕ್ಯಾನಿಕ್ಕಿಗೆ ಎಲ್ಲರೆದುರು ಕೆನ್ನೆಗೆ ಬಿಟ್ಟಿದ್ದಳು. ಸರ್ಕಾರಿ ವಕೀಲರು ಆ ಏಟನ್ನೇ ಹಿಡಿದುಕೊಂಡಿದ್ದರು. ಅವಮಾನ, ಹಗೆ, ತಿರುಪು, ಸಾವು. ನ್ಯಾಯಾಲಯದಲ್ಲಿ ಪರದೆ ಕಟ್ಟಿ ಈ ತುಂಡನ್ನು ತೋರಿಸಿದಾಗ ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರಂತೆ. ಆ ವೇಗ ಕಂಡ ಮೇಲೆ ಬ್ರೇಕು ಕೆಟ್ಟಿತ್ತೆಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಅನುಮಾನವಿದ್ದದ್ದು ಡೈರೆಕ್ಟರ ಮೇಲೆ. ಮೊದಲ ಕಥೆಯಲ್ಲಿ ಹುಡುಗಿ ಕಡೆಗೆ ಬುದ್ಧಿ ಕಲಿತು ಮದುವೆಯಾಗುತ್ತಿದ್ದಳು. ಈಗ ಅದನ್ನು ಕಿತ್ತೆಸೆದು, ಬಿದ್ದ ದೃಶ್ಯವನ್ನೇ ಕೊನೆಗೆ ಅಂಟಿಸಿ, ‘ನಟನೆಯಲ್ಲ, ನಿಜ’ ಎಂದು ಗೋಡೆಗೋಡೆಗೂ ಹಚ್ಚಿಸುತ್ತಿದ್ದರು. ಆದರೆ ಅನುಮಾನವನ್ನು ನ್ಯಾಯಾಲಯ ತಕ್ಕಡಿಗೆ ಹಾಕುವುದಿಲ್ಲ. ಮೆಕ್ಯಾನಿಕ್ಕನ ಪರ ವಕೀಲ ನಿನ್ನೆ ಹೇಳಿಬಿಟ್ಟಿದ್ದ: “ಕೈಯಲ್ಲಿ ಹಿಡಿದು ತೋರಿಸೋ ಹಾಗಿದ್ದರೆ ತನ್ನಿ. ಇಲ್ಲದಿದ್ದರೆ ಸೋಮವಾರ ಬರೋದೇ ಬೇಡ, ನೋಡಕ್ಕಾಗಲ್ಲ.”

“ಮತ್ತೊಂದು ಸಲ,” ಎಂದಳು.

“ನನ್ನ ಭುಜ ಬಿದ್ದುಹೋಯ್ತು.”

“ಆ ಹುಡುಗನ ಕುತ್ತಿಗೆ ಬಿದ್ದುಹೋಗ್ತಿದೆ. ನಿನ್ನ ಭುಜಕ್ಕೆ ಆಮೇಲೆ ಎಣ್ಣೆ ತಿಕ್ಕಿಸಿಕೊಳ್ಳುವಂತೆ. ತಿರುಗಿಸು.”

ಮತ್ತೆ ಕಾರು, ಮತ್ತೆ ಆ ನಗೆ. ಸಾಕಾಗಿಹೋಗಿತ್ತು. ಮಗಳ ವಯಸ್ಸಿನವಳೊಬ್ಬಳು ನಗುನಗುತ್ತ ಸಾಯುವುದನ್ನು ಎಷ್ಟು ಸಲವೆಂದು ನೋಡುವುದು? ಮೇಟ್ರನಮ್ಮ ಕಾರನ್ನು ನೋಡಲಾರದೆ ಸಿಟ್ಟಿನಿಂದ ಮುಖ ತಿರುಗಿಸಿದಳು. ಕಣ್ಣು ಪರದೆಯ ಎಡ ಮೂಲೆಗೆ ಬಿತ್ತು.

ಅಲ್ಲಿ ಕೊಡೆಯ ಕೆಳಗೆ ಡೈರೆಕ್ಟರು ಕೂತಿದ್ದರು. ಕಾರು ಮುಂದೆ ಹಾಯುತ್ತಲೇ ಕುರ್ಚಿಯಿಂದ ಚಂಗನೆ ಎದ್ದು, ಕರ್ಚೀಫು ಬೀಸುತ್ತ ನಾಲ್ಕು ಹೆಜ್ಜೆ ಪುಟಪುಟ ಓಡಿದರು.

ಮೇಟ್ರನಮ್ಮ ಬೆಂಚಿನಿಂದೆದ್ದಳು.

ಡೈರೆಕ್ಟರು! ಚಂಗನೆ! ಅವರ ದೇಹವೆಂದರೆ ನಾಲ್ಕು ಜನ ಹೊರಬೇಕಾದ ದೇಹ. ಅವರು ಎದ್ದರೆ ಕುರ್ಚಿಯೂ ಜೊತೆಗೆ ಏಳುತ್ತಿತ್ತು. ಅದನ್ನು ಹಿಂದಿನಿಂದ ಎಳೆದು ಬಿಡಿಸಲು ಒಬ್ಬ ಸಹಾಯಕ ಬೇಕಿತ್ತು. ಮೊನ್ನೆ ತಾನೇ ಅವರ ಕೋಣೆಯಲ್ಲಿ ಈ ಪವಾಡವನ್ನು ಕಣ್ಣಾರೆ ಕಂಡಿದ್ದಳು. ಮೊಣಕಾಲಿಗೆ ಕೈಯೂರಿ, ದಮ್ಮು ಕಟ್ಟಿ, ಅಯ್ಯಪ್ಪಾ ಎಂದು ಅವರು ಮೇಲೇಳುವಷ್ಟರಲ್ಲಿ ಇವಳಿಗೆ ಕೇಳಬೇಕೆಂದಿದ್ದ ಪ್ರಶ್ನೆಯೇ ಮರೆತುಹೋಗಿತ್ತು.

“ಮತ್ತೆ ಹಿಂದಕ್ಕೆ ಸುತ್ತು.”

“ಮೇಟ್ರನಮ್ಮ...”

“ಸುತ್ತು ಅಂದೆ.”

ಸುತ್ತಿದ. ಅವನು ಹಿಡಿಗೆ ಕೈಹಾಕುವ ಮೊದಲೇ ಮೇಟ್ರನಮ್ಮನ ಕೈ ಅದರ ಮೇಲಿತ್ತು.

“ಅಯ್ಯೋ, ಅದನ್ನ ಮುಟ್ಟಬೇಡಿ! ಅದು ಮಸಾಲೆ ಅರೆಯೋ ಕಲ್ಲಲ್ಲ!”

“ನನಗೂ ಗೊತ್ತು. ದೂರ ನಿಲ್ಲು.”

ಅವಳು ನಿಧಾನವಾಗಿ ತಿರುಗಿಸಿದಳು. ಪರದೆಯ ಮೇಲೆ ಡೈರೆಕ್ಟರು ಇನ್ನೂ ಚುರುಕಾಗಿಯೇ ಎದ್ದರು. ಹಿಂದಕ್ಕೆ ಸುತ್ತಿಸಿ ಇನ್ನೂ ನಿಧಾನ ಮಾಡಿದಳು. ಬೆಳಕು ಮಿಟುಕಿತು, ಚಿತ್ರ ತಡವರಿಸಿತು. ಈಗ ಅವರು ಮೊಣಕಾಲಿಗೆ ಕೈಯೂರಿದ್ದು ಕಂಡಿತು. ದಮ್ಮು ಕಟ್ಟಿದ್ದು ಕಂಡಿತು. ಕುರ್ಚಿ ಅಂಟಿಕೊಂಡೇ ಎದ್ದು, ತೊಪ್ಪನೆ ಕೆಳಗೆ ಬಿದ್ದದ್ದೂ ಕಂಡಿತು.

“ಈಗ ನೋಡು ನಿಮ್ಮ ಡೈರೆಕ್ಟರು ನಿಮ್ಮ ಡೈರೆಕ್ಟರ ಥರ ಇದ್ದಾರೆ,” ಎಂದಳು. “ಈಗ ಕಾರು ನೋಡು.”

ಕಾರು ಬಾಣವಾಗಿರಲಿಲ್ಲ. ಮೇವು ಹೇರಿಕೊಂಡು ಮನೆಗೆ ಹೊರಟ ಎತ್ತಿನ ಗಾಡಿಯಂತೆ ತೂಗುತ್ತ ಬರುತ್ತಿತ್ತು. ಪಕ್ಕದಲ್ಲಿ ನಡೆದುಕೊಂಡೇ ಹೋಗಿ ಬಾಗಿಲು ತೆಗೆದು ಒಳಗೆ ಕೂರಬಹುದಿತ್ತು.



“ನ್ಯಾಯಾಲಯದಲ್ಲಿ ನೀನೇನಂದೆ? ‘ಇದ್ದದ್ದನ್ನ ಇದ್ದ ಹಾಗೆ ಹಿಡಿದಿದ್ದೀನಿ’ ಅಂದೆ. ಪ್ರಮಾಣ ಮಾಡಿ ಅಂದೆ. ಎಲ್ಲರ ಕಿವಿಗೂ ಹೂ ಇಟ್ಟೆಯಲ್ಲೋ!”

“ನಾನೊಬ್ಬನೇ ಮಾಡೋದಲ್ಲ ಇದು. ಓಟದ ದೃಶ್ಯ ಅಂದ್ರೆ ಎಲ್ಲರೂ ಹೀಗೇ ಹಿಡಿಯೋದು,” ಎಂದ. “ಕ್ಯಾಮೆರಾ ಹಿಡೀನ ಮೆಲ್ಲಗೆ ತಿರುಗಿಸಿದ್ರೆ ಪರದೆ ಮೇಲೆ ಓಟ. ಜೋರಾಗಿ ತಿರುಗಿಸಿದ್ರೆ ಕನಸಿನ ಥರ ತೇಲಾಟ. ಕೈಗೆ ಲೆಕ್ಕ ತಪ್ಪಬಾರದು ಅಂತ ಒಳಗೊಳಗೇ ಒಂದೊಂದು ಹಾಡು ಗುನುಗ್ತೀವಿ. ಪ್ರೇಮದ ದೃಶ್ಯಕ್ಕೆ ಕಣದಲ್ಲಿ ತೆನೆ ಬಡಿಯೋ ಹಾಡು. ಓಟಕ್ಕೆ...”

“ಓಟಕ್ಕೆ?”

“ಜೋಗುಳ.”

ಮೇಟ್ರನಮ್ಮನಿಗೆ ನಗು ಬರಬೇಕಿತ್ತು. ಬರಲಿಲ್ಲ.

“ಅವಳು ಬೀಳೋವಾಗ ನಾನು ಜೋಗುಳ ಗುನುಗ್ತಿದ್ದೆ ಮೇಟ್ರನಮ್ಮ. ನಮ್ಮವ್ವ ನನಗೆ ಹಾಡ್ತಿದ್ದದ್ದು. ಮನೇಲಿ ಈಗ ಹಸುಗೂಸಿದೆ. ನನ್ನ ಹೆಂಡತಿ ಕೇಳ್ತಾಳೆ, ‘ಎತ್ತಿಕೊಂಡು ಎರಡು ಸಾಲು ಹಾಡಿದ್ರೆ ನಿಮ್ಮ ಗಂಟೇನು ಹೋಗತ್ತೆ’ ಅಂತ. ಬಾಯೇ ಬರಲ್ಲ.”

“ಇದನ್ನ ಸೋಮವಾರ ಬಂದು ಹೇಳು.”

“ಹೇಳಿದ್ರೆ ಅವನು ಹೊರಗೆ ಬರ್ತಾನೆ, ಸುಳ್ಳು ಪ್ರಮಾಣ ಮಾಡಿದ್ದಕ್ಕೆ ನಾನು ಒಳಗೆ ಹೋಗ್ತೀನಿ. ಡೈರೆಕ್ಟರು ಮೊದಲೇ ಹೇಳಿದ್ದಾರೆ, ಈ ಗುಟ್ಟು ಹೊರಗೆ ಬಂದ್ರೆ ಯಾವ ಸ್ಟುಡಿಯೋದಲ್ಲೂ ನನಗೆ ಕೆಲಸ ಹುಟ್ಟಲ್ಲ ಅಂತ. ಹಸುಗೂಸಿದೆ ಅಂದೆನಲ್ಲ.”

“ನೀನು ಬಾಯಿ ಬಿಡದಿದ್ರೆ ಬಿಡು. ಈ ತುಂಡೇ ಹೇಳತ್ತೆ. ನಾನೇ ನ್ಯಾಯಾಧೀಶರ ಮುಂದೆ ಹೀಗೇ ತಿರುಗಿಸಿ...”

ಮಾತಿನ ಭರದಲ್ಲಿ ಅವಳ ಕೈ ನಿಂತಿತ್ತು.

ಮೊದಲು ವಾಸನೆ ಬಂತು. ಆಮೇಲೆ ಪರದೆಯ ಮೇಲೆ, ಸರಿಯಾಗಿ ಡೈರೆಕ್ಟರ ಹೊಟ್ಟೆಯ ನಡುವೆ, ಕಂದು ಬಣ್ಣದ ಗುಳ್ಳೆಯೊಂದು ಎದ್ದಿತು. ಗುಳ್ಳೆ ಒಡೆಯಿತು. ಕೊಡೆ, ಕುರ್ಚಿ, ಕಾರು ಎಲ್ಲ ಸುರುಟಿ ಬೆಳಕಾಗಿ ಹೋದವು.

“ನಿಲ್ಲಿಸಬಾರದು! ದೀಪದ ಮುಂದೆ ನಿಲ್ಲಿಸಬಾರದು!”

ಫಿಲ್ಮು ಅಂದರೆ ಬತ್ತಿಯ ಅಕ್ಕ. ಜ್ವಾಲೆ ಮೇಲಿನ ಸುರುಳಿಗೂ ಕೆಳಗಿನ ಸುರುಳಿಗೂ ಒಟ್ಟಿಗೇ ಓಡಿತು. ಕ್ಯಾಮೆರಾದವನು ಬರಿಗೈಯಲ್ಲೇ ಎರಡನ್ನೂ ಕಿತ್ತು ನೆಲಕ್ಕೆಸೆದು ಮರಳಿನ ಬಕೆಟ್ಟನ್ನು ಬೋರಲು ಹಾಕಿದ. ಮೇಟ್ರನಮ್ಮ ಕಿಟಕಿಯ ಕಂಬಳಿ ಕಿತ್ತು ಮೇಲೆ ಹೊದಿಸಿ ತುಳಿದಳು. ಬಾಗಿಲು ದಢಾರನೆ ತೆರೆಯಿತು. ಅತ್ತಿಗೆ ಒದ್ದೆ ಬಟ್ಟೆಯ ಕಟ್ಟು ಹಿಡಿದು ಓಡಿ ಬಂದು, ಯಂತ್ರದ ಮೇಲೆ ಹೊಗೆಯಾಡುತ್ತಿದ್ದಲ್ಲಿಗೆ ಒತ್ತಿದಳು.

ಹೊಗೆ ಇಳಿಯಿತು. ಮೂವರೂ ಕೆಮ್ಮುತ್ತ ನಿಂತರು. ಮೇಟ್ರನಮ್ಮ ಕಂಬಳಿ ಎತ್ತಿದಳು. ಅಡಿಯಲ್ಲಿ ಮರಳು, ಮರಳಿನಲ್ಲಿ ಕರಿ ಅಂಟು. ಅಷ್ಟೇ.

ಇಡೀ ವಾರ ಊರೆಲ್ಲ ಸುತ್ತಿ, ಚಪ್ಪಲಿ ಸವೆಸಿ, ಕಡೆಗೊಮ್ಮೆ ಕೈಗೆ ಸಿಕ್ಕಿದ್ದನ್ನು ತನ್ನ ಕೈಯಾರೆ ಸುಟ್ಟಿದ್ದಳು. ಅವಳಿಗೆ ಯಾರನ್ನಾದರೂ ಬಯ್ಯಬೇಕೆನಿಸಿತು. ಬಯ್ಯಲು ತಾನೊಬ್ಬಳೇ ಸಿಕ್ಕಿದ್ದು.

“ಏನಾಯ್ತಕ್ಕ? ಏನಾದ್ರೂ ಸಿಕ್ಕಿತ್ತಾ?” ಅತ್ತಿಗೆ ಕೇಳಿದಳು.

“ಸಿಕ್ಕಿತ್ತು ಕಣೇ. ಸಿಕ್ಕಿತ್ತು, ಸುಟ್ಟುಕೊಂಡೆ. ಕಾರು ಓಡಿಲ್ಲ, ತೆವಳಿದೆ. ಅಷ್ಟು ಮೆಲ್ಲಗೆ ಹೋಗೋ ಕಾರಿಗೆ ಬ್ರೇಕಿಲ್ಲದಿದ್ರೂ ಪಕ್ಕದ ದಿಬ್ಬಕ್ಕೆ ತಿರುಗಿಸಿದ್ರೆ ನಿಲ್ತಿತ್ತು. ಬ್ರೇಕಿನಿಂದಲೇ ಸತ್ತಳು ಅನ್ನೋ ವಕೀಲರ ಕಥೆ ಅಲ್ಲಿಗೆ ಮುಗೀತಿತ್ತು.” ಕ್ಯಾಮೆರಾದವನ ಕಡೆ ತಿರುಗಿದಳು. “ಇದರ ನೆಗೆಟಿವ್ ಇರಬೇಕಲ್ಲ?”

ಅವನು ಸುಟ್ಟ ಬೆರಳುಗಳನ್ನು ಊದಿಕೊಳ್ಳುತ್ತಿದ್ದ. “ಇದೆ. ಆದರೆ ಡೈರೆಕ್ಟರು ತಮ್ಮ ಹೊಟ್ಟೆ ಕಾಣತ್ತೆ ಅಂತ ಆ ಅಂಚನ್ನೆಲ್ಲ ಮರೆಸಿ ಬೇರೆ ಪ್ರತಿ ತೆಗೆಸಿ, ಮೂಲಾನ ಬೆಳ್ಳಿಗಾಗಿ ಕರಗಿಸೋಕೆ ಹಾಕಿಸಿಬಿಟ್ರು. ಈಗ ಇರೋದ್ರಲ್ಲಿ ಕಾರು ಬಿಟ್ಟು ಇನ್ನೇನೂ ಇಲ್ಲ. ಕಾರು ಓಡಿತೋ ತೆವಳಿತೋ, ಬರೀ ಕಾರು ನೋಡಿ ಯಾರು ಹೇಳ್ತಾರೆ?”

“ಹಾಗಾದ್ರೆ ಮುಗೀತು.”

“ಅದು ಮುಗೀತು,” ಎಂದ ಅವನು. ಬೆಂಕಿಯ ಗಾಬರಿಯಲ್ಲಿ ಬಾಯಿಯ ಬೀಗ ಸಡಿಲವಾಗಿತ್ತೋ, ಇವಳ ಮುಖ ನೋಡಿ ಕರುಳು ಚುರುಕ್ಕೆಂದಿತೋ. “ಮೇಲಿನ ಕ್ಯಾಮೆರಾದ್ದು ಇರಬೇಕು.”

ಮೇಟ್ರನಮ್ಮ ಅವನನ್ನೇ ನೋಡಿದಳು. “ಯಾವ ಮೇಲಿನ ಕ್ಯಾಮೆರಾ?”

“ಎರಡು ಕ್ಯಾಮೆರಾ ಇರತ್ತಲ್ಲ ಯಾವಾಗಲೂ. ಒಂದು ಇಲ್ಲಿಗೆ, ಇನ್ನೊಂದು ಕಡಲಾಚೆಗೆ ಕಳಿಸೋ ಪ್ರತಿಗೆ. ಪಕ್ಕದಲ್ಲೇ ಇಡ್ತೀವಿ. ಅವತ್ತು ದಾರಿ ಕಿರಿದು, ಜಾಗ ಸಾಲದೆ ಅದನ್ನ ಬಂಡೆ ಮೇಲೆ ಇಟ್ಟಿದ್ದೆ. ನನ್ನ ಭಾವಮೈದ ತಿರುಗಿಸಿದ.”

“ಇಷ್ಟು ದಿನ ಇದನ್ನ ಯಾಕೆ ಬಾಯಿ ಬಿಡಲಿಲ್ಲ?”

“ನೀವು ಕೇಳಿದ್ದು ‘ನೀನು ಎಲ್ಲಿ ನಿಂತಿದ್ದೆ’ ಅಂತ. ನಾನು ನಿಂತ ಜಾಗ ಹೇಳಿದೆ. ಪೊಲೀಸರೂ ಅಷ್ಟೇ ಕೇಳಿದ್ದು.” ಅವನ ಮುಖದಲ್ಲಿ ಕಳ್ಳತನವಿರಲಿಲ್ಲ. ಅಡುಗೆಯವನನ್ನು ಒಲೆಯಲ್ಲಿ ಬೆಂಕಿಯಿತ್ತೇ ಎಂದು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ, ಅಂಥ ಮುಖ. “ಎರಡು ಕ್ಯಾಮೆರಾ ಇರತ್ತೆ ಅಂತ ಈ ಸ್ಟುಡಿಯೋದಲ್ಲಿ ಬೆಕ್ಕಿಗೂ ಗೊತ್ತು.”

ಮೇಟ್ರನಮ್ಮ ಹಣೆ ಒತ್ತಿಕೊಂಡಳು. “ನಿನ್ನ ಭಾವಮೈದ ಏನೂ ನೋಡಲಿಲ್ವೇನೋ?”

“ಅವನಾ? ಕ್ಯಾಮೆರಾ ಹೂಡಿಕೊಟ್ಟೋನು ನಾನು. ಅವನ ಕಣ್ಣಿಗೆ ಹತ್ತು ಮಾರಿನಾಚೆ ಎಲ್ಲ ಮಂಜು. ಕೈ ಮಾತ್ರ ಗಡಿಯಾರ.”

“ಬಂಡೆ ಮೇಲಿಂದ ಡೈರೆಕ್ಟರು ಕಾಣ್ತಾರಾ?”

“ಕಾಣ್ತಾರೆ. ಕಾರಿನ ಒಳಗೂ ಕಾಣತ್ತೆ. ಕೆಳಗಿಂದ ನನ್ನ ಕ್ಯಾಮೆರಾಗೆ ಬಾಗಿಲು ಅಡ್ಡ, ಅವಳ ತಲೆ ಭುಜ ಬಿಟ್ಟು ಏನೂ ಕಾಣಲ್ಲ. ಮೇಲಿಂದ ಇಡೀ ಕಾರು ಬಟ್ಟಲಿನ ಥರ.”

ಒಂದು ಬಾಗಿಲು ಸುಟ್ಟರೆ ಇನ್ನೊಂದು ತೆರೆದಿತ್ತು. “ಎಲ್ಲಿದೆ ಅದು? ಬೇಗ ಹೇಳು. ಅದೂ ಕರಗಿಸೋಕೆ ಹೋಯ್ತು ಅನ್ನಬೇಡ ಮತ್ತೆ.”

ಕ್ಯಾಮೆರಾದವನು ಅಚ್ಚರಿಯಿಂದ ಅತ್ತಿಗೆಯ ಕಡೆ ಕೈ ತೋರಿಸಿದ.

“ಟೈಲರಕ್ಕನ ಹತ್ರಾನೇ ಇದೆಯಲ್ಲ. ನಾನು ತೊಳೆದು ಒಣಗಿಸಿದ ಬೆಳಿಗ್ಗೇನೇ ಬಂದು ಇಸ್ಕೊಂಡ್ರು. ಒಂದು ದೃಶ್ಯಕ್ಕೂ ಇನ್ನೊಂದಕ್ಕೂ ಉಡುಪು ಹೊಂದತ್ತಾ ಅಂತ ಯಾವಾಗಲೂ ತುಂಡು ಇಸ್ಕೊಂಡು ಹೋಗಿ ನೋಡ್ತಾರೆ. ವಾಪಸು ಕೊಟ್ಟಿಲ್ಲ. ಆಮೇಲೆ ಈ ಗಲಾಟೇಲಿ ನಾನೂ ಕೇಳಲಿಲ್ಲ.”

ಹೊರಗೆಲ್ಲೋ ಯಾರೋ ಸುತ್ತಿಗೆಯಿಂದ ಮರದ ಗೋಡೆ ಬಡಿಯುತ್ತಿದ್ದರು.

ಮೇಟ್ರನಮ್ಮ ಮೆಲ್ಲಗೆ ಲೆಕ್ಕ ಹಾಕಿದಳು. ತೊಳೆದು ಒಣಗಿಸಿದ ಬೆಳಿಗ್ಗೆ ಎಂದರೆ, ಹುಡುಗಿ ಸತ್ತ ಮರುದಿನ. ಆಗಿನ್ನೂ ಅದನ್ನು ಯಾರೂ ಕೊಲೆ ಎಂದಿರಲಿಲ್ಲ. ತಿರುಪಿನ ಮಾತು ಎದ್ದಿರಲಿಲ್ಲ. ಮೆಕ್ಯಾನಿಕ್ಕನನ್ನು ಹಿಡಿದದ್ದು ಆಮೇಲೆ. ಇವಳು ತನ್ನ ಬಾಗಿಲಿಗೆ ಬಂದು ಅತ್ತದ್ದು ಅದಕ್ಕೂ ಆಮೇಲೆ. ಅಂದರೆ ಈ ಹೆಂಗಸು, ತನ್ನೆದುರು ಕೂತು “ನನಗೇನೂ ಗೊತ್ತಿಲ್ಲ ಅಕ್ಕ” ಎಂದ ಪ್ರತಿ ಸಲವೂ, ಮನೆಯಲ್ಲಿ ಅದನ್ನು ಇಟ್ಟುಕೊಂಡೇ ಹೇಳಿದ್ದಳು. ತಾನು ಬಿಸಿಲಲ್ಲಿ ಅಲೆದದ್ದು, ಬಾಗಿಲು ಬಾಗಿಲಿಗೆ ತಲೆ ಬಾಗಿದ್ದು, ಎಲ್ಲವೂ ಇವಳ ಕಣ್ಣೆದುರೇ.

“ಹೌದೇನೇ?”

ಅತ್ತಿಗೆ ಒದ್ದೆ ಬಟ್ಟೆಯನ್ನು ಹಿಂಡುತ್ತಿದ್ದಳು. ಹಿಂಡಲು ಅದರಲ್ಲಿ ನೀರು ಉಳಿದಿರಲಿಲ್ಲ.

“ಹೌದು.”

“ಅದನ್ನ ಮುಚ್ಚಿಟ್ಟುಕೊಂಡು ನನ್ನನ್ನ ಯಾಕೆ ಕರೆದೆ? ಹಗ್ಗ ಹಿಡಿದು ಆಡಿಸೋಕೆ ನಿನಗೆ ಬೇರೆ ಯಾರೂ ಸಿಗಲಿಲ್ವಾ?”

“ಅದಿಲ್ಲದೇನೇ ನೀವು ಅವನನ್ನ ಬಿಡಿಸ್ತೀರ ಅಂತ ನಂಬಿದ್ದೆ. ನಿಮ್ಮ ಕೈಲಿ ಆಗದೇ ಇರೋದಿಲ್ಲ ಅಂತ ಎಲ್ಲರೂ ಹೇಳಿದ್ರು ಅಕ್ಕ.”

“ಬಿಡಿಸೋಕೆ ಈಗ ಅದೊಂದೇ ದಾರಿ. ಹೋಗಿ ತೊಗೊಂಡು ಬಾ.”

ಅತ್ತಿಗೆ ಕದಲಲಿಲ್ಲ. ಕ್ಯಾಮೆರಾದವನ ಕಡೆ ಒಮ್ಮೆ ನೋಡಿದಳು. ಅವನು ಅರ್ಥ ಮಾಡಿಕೊಂಡು, ಬೆರಳಿಗೆ ಬೆಣ್ಣೆ ಹಚ್ಚಿಕೊಂಡು ಬರುತ್ತೇನೆಂದು ಗೊಣಗುತ್ತ ಹೊರಗೆ ಹೋದ. ಬಾಗಿಲು ಮುಚ್ಚಿತು.

“ತರ್ತೀನಿ. ಮೊದಲು ನೀವು ಮಾತು ಕೊಡಿ,” ಎಂದಳು. ಅಳು ಇರಲಿಲ್ಲ, ಅಂಗಡಿಯಲ್ಲಿ ಬಟ್ಟೆ ಅಳೆದು ಹೇಳುವಂಥ ದನಿ. “ಅದನ್ನ ನೋಡಿದ ಮೇಲೂ ನನ್ನ ಹುಡುಗನ್ನ ಬಿಡಿಸ್ತೀನಿ ಅಂತ ಮಾತು ಕೊಡಿ.”

“ನೋಡದೆ ಹೇಗೆ ಕೊಡಲಿ? ಏನಿದೆ ಅದರಲ್ಲಿ?”

ಅತ್ತಿಗೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬೆಂಚಿನ ಮೇಲಿಟ್ಟು, ಅಂಗೈಯಿಂದ ಸಪಾಟು ಮಾಡಿದಳು.

“ಕಾರಲ್ಲಿ ಇಬ್ಬರಿದ್ದಾರೆ ಅಕ್ಕ, ಒಬ್ಬ ಬಾಗಿಲ ಮರೆಗೆ ಬಗ್ಗಿ ಕೂತಿದ್ದಾನೆ,” ಎಂದಳು. “ಹೊಂಡ ಬರೋ ಮುಂಚೆ ಇಳಿದದ್ದು ಒಬ್ಬನೇ.”